ಸಾವಿತ್ರಿಗೆ ಬರುತ್ತಿದ್ದ ಕನ್ನಡ

ಯುದ್ಧದ ಕಾಲ. ಗಾಡಿಯಲ್ಲಿ ಸಿಪಾಯಿಗಳು ತುಂಬಿದ್ದರು. ಬೆಂಗಳೂರಿನಿಂದ ಯಲಹಂಕದವರೆಗೆ ಬಾಗಿಲ ಬಳಿ ನಿಂತೇ ಹೋದೆ, ಆಮೇಲೆ ಕೂರಲು ಜಾಗ ಸಿಕ್ಕಿತು. ರಾಜಾನುಕುಂಟೆ ದಾಟಿದರೂ ಹೊಲಗಳ ಮೇಲಿನ ಮಂಜು ಹೋಗಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಇಳಿದು, ಹುರಿಗಡಲೆ ಕಟ್ಟಿಸಿಕೊಂಡು, ತಂಗಿ ನಾಗಮ್ಮನ ಮನೆಗೆ ನಡೆದೆ.

ನಾವು ಹಿಂದೂಪುರದ ಕಡೆಯವರು; ಮನೆಮಾತು ತೆಲುಗು. ನಾನು ಮೂರನೇ ಕ್ಲಾಸಿಗೆ ಓದು ಬಿಟ್ಟು ಬೆಂಗಳೂರಿನ ಬಟ್ಟೆ ಮಿಲ್ಲು ಸೇರಿ ಕನ್ನಡ ಕಲಿತೆ. ನಾಗಮ್ಮನನ್ನು ಕನ್ನಡದ ನೇಕಾರರ ಮನೆಗೆ ಕೊಟ್ಟಿದ್ದೆವು. ಹಿಂದಿನ ಸಲ ಬಂದಾಗ ಅವಳ ಮಗಳು ಸಾವಿತ್ರಿ ತೊದಲು ತೆಲುಗಿನಲ್ಲಿ ಏನೋ ಕೇಳಿದಳು. ಜಗಲಿಯಲ್ಲಿದ್ದವರು ನಕ್ಕರು. ಮಿಲ್ಲಿನಲ್ಲಿ ನನ್ನ ಮಾತಿಗೂ ಹೀಗೇ ನಗುತ್ತಿದ್ದರು. "ಇನ್ನು ಮಗು ಹತ್ರ ತೆಲುಗು ಆಡ್ಬೇಡ. ಇಸ್ಕೂಲಲ್ಲಿ ದಡ್ಡಿ ಅಂತಾರೆ" ಎಂದು ತಂಗಿಗೆ ಅಪ್ಪಣೆ ಮಾಡಿದ್ದೆ. ಅದನ್ನೂ ತೆಲುಗಿನಲ್ಲೇ ಹೇಳಿದ್ದೆ.

ಈ ಸಲ ಸಾವಿತ್ರಿ ಬಾಗಿಲಲ್ಲೇ ಇದ್ದಳು. ಹುರಿಗಡಲೆ ತೋರಿಸಿದೆ. "ಬೇಡ" ಎನ್ನುತ್ತಲೇ ಎರಡು ಕೈಯನ್ನೂ ಚಾಚಿದಳು.

"ನಿನ್ ಸೊಸೆ ಮಾತು ಬಲು ದುಬಾರಿ ಕಣಪ್ಪಾ" ಎಂದಳು ಪಕ್ಕದ ಮನೆಯ ಅಜ್ಜಿ. "ಬಾ, ಹೋಗು, ತಿನ್ನು, ಬೇಡ. ಇಷ್ಟರಲ್ಲೇ ಸಂಸಾರ ಮಾಡ್ತಾಳೆ."

ಒಳಗೆ ತಂಗಿಯ ಗಂಡ ಮಗ್ಗದ ಕುಣಿಯಲ್ಲಿದ್ದ. ಲಾಳಿಯ ಸದ್ದಿನಲ್ಲಿ ಅವನು ಯಾರೊಡನೆಯೂ ಮಾತನಾಡುವವನಲ್ಲ. ನಾಗಮ್ಮ ನೂಲು ಸುತ್ತುತ್ತಿದ್ದಳು. ಮೊದಲು ಸುತ್ತುತ್ತಲೇ ಮಗುವಿನೊಡನೆ ಹರಟುತ್ತಿದ್ದವಳು ಈಗ ಅದು ಹತ್ತಿರ ಬಂದರೆ "ಹೋಗು" ಎಂದಷ್ಟೇ ಹೇಳುತ್ತಿದ್ದಳು.

"ಮಗು ಜೊತೆ ಯಾಕೆ ಮಾತಾಡಲ್ಲ, ನಾಗಿ?"

"ಆಡ್ತೀನಲ್ಲಣ್ಣಾ. ನಂಗೆ ಬರೋ ಕನ್ನಡವೆಲ್ಲ ಆಡ್ತೀನಿ." ತೆಲುಗಿನಲ್ಲೇ, ಮಗುವಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು.

ಊಟಕ್ಕೆ ಮುದ್ದೆ, ಹುರುಳಿ ಸಾರು. ಸಾವಿತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಲುಗಿನಲ್ಲಿ ಮಾತನಾಡಿಸಿದೆ. ಮಗು ತಾಯಿಯ ಮುಖ ನೋಡಿತು.

"ನಾನು ಹೇಳಿದ್ದು ತಪ್ಪು, ನಾಗಿ. ನಿನಗೆ ಬಂದ ಹಾಗೆ ಆಡು. ಕನ್ನಡ ಬೀದೀಲಿ ಕಲೀತಾಳೆ. ನಗೋರು ನಗಲಿ."

"ನೀನು ಬೆಂಗ್ಳೂರಿಗೆ ಹೋಗ್ಬಿಡ್ತೀಯ. ನಗೋರು ಇಲ್ಲೇ ಇರ್ತಾರೆ" ಎಂದಳು.

ಸಂಜೆ ಮಗುವನ್ನು ಎತ್ತಿಕೊಂಡು ಸ್ಟೇಷನ್ನಿಗೆ ಬಂದಳು. ಮಾಕಳಿದುರ್ಗದ ಕಡೆಯಿಂದ ಗಾಡಿ ತಡವಾಗಿ ಬಂತು. ಇಂಜಿನ್ನಿನ ಕೂಗಿಗೆ ಸಾವಿತ್ರಿ ಬೆಚ್ಚಿ ಅಳತೊಡಗಿದಳು. ನಾಗಮ್ಮ ತನಗರಿವಿಲ್ಲದೆಯೇ ತೆಲುಗಿಗೆ ಹೊರಳಿ, ಭಯವಿಲ್ಲ ಮಗಳೇ, ನಮ್ಮ ಮಾವನ ಬಂಡಿ ಅದು, ನೀರು ಕುಡಿಯುತ್ತದೆ, ಹೊಗೆ ಉಗುಳುತ್ತದೆ ಎಂದು ಒಂದೇ ಸಮನೆ ಹೇಳತೊಡಗಿದಳು. ಮಗು ಅಳು ನಿಲ್ಲಿಸಿ ಕೇಳಿಸಿಕೊಂಡಿತು.

ಕಿಟಕಿಯಲ್ಲಿ ನಮ್ಮ ಮಿಲ್ಲಿನವನೊಬ್ಬ ತಲೆ ಹಾಕಿದ. "ಏನ್ಲಾ, ನಿಮ್ಮೋರಾ? ಎಲ್ಲಿತ್ತಲಾ ಈ ತೆಲುಗು?" ಎಂದು ನಕ್ಕ.

ನಾಗಮ್ಮ ಮಾತು ನಿಲ್ಲಿಸಿ ನನ್ನತ್ತ ನೋಡಿದಳು. ನಾನು ಆಗ ತೆಲುಗಿನಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು.

"ಹೋಗಿ ಬರ್ತೀನಮ್ಮ" ಎಂದು ಕನ್ನಡದಲ್ಲಿ ಹೇಳಿ ಹತ್ತಿಬಿಟ್ಟೆ.

ಗಾಡಿ ಹೊರಟಿತು. ತಿರುವಿನವರೆಗೂ ಹಿಂದಕ್ಕೆ ನೋಡಿದೆ. ಸಾವಿತ್ರಿ ತಾಯಿಯ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದಳು. ನಾಗಮ್ಮ ಬಾಯಿ ಮುಚ್ಚಿಕೊಂಡು ಗಾಡಿಯನ್ನೇ ನೋಡುತ್ತಿದ್ದಳು.