ಅಮ್ಮ ಹೇಳುತ್ತಿದ್ದ ಹಿಂದಿ ಸಿನಿಮಾ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತು ಕಡಿಮೆ ಮಾಡಿದಳು. ಕುಣಿಗಲ್ಲಿನಿಂದ ತುಮಕೂರಿಗೆ, ಮರಳೂರಿನ ನಮ್ಮ ಮನೆಗೆ ಕರೆದುಕೊಂಡು ಬಂದ ಮೇಲಂತೂ ಪೂರ್ತಿ ನಿಂತೇ ಹೋಯಿತು. ಬಾಯಿ ತೆರೆದರೆ ಬೀದಿಯ ಹೆಂಗಸರನ್ನೆಲ್ಲ ಜಗಲಿಯಲ್ಲಿ ಹಿಡಿದು ಕೂರಿಸುತ್ತಿದ್ದವಳು ಇವಳು. ಈ ಮೌನ ನನಗೆ ಅಪ್ಪನ ಸಾವಿಗಿಂತ ಹೆಚ್ಚು ಭಯ ಹುಟ್ಟಿಸಿತ್ತು. ಹಾಗಿರುವಾಗ ಅವಳ ಹೀರೋನ ಹೊಸ ಸಿನಿಮಾ ಊರಿಗೆ ಬಂತು. ಎಂಬತ್ತರ ಹತ್ತಿರದ ಹಿಂದಿ ನಟ, ಕೊಲೆ ಪತ್ತೆ ಮಾಡುವ ಕಥೆ. ಇದಕ್ಕಾದರೂ ಬಾಯಿ ಬಿಟ್ಟಾಳು ಎಂದು ಟಿಕೆಟ್ ತೆಗೆದೆ.

ಅಮ್ಮನಿಗೂ ಆ ನಟನಿಗೂ ಹಳೆಯ ನಂಟು. ನಾನು ಚಿಕ್ಕವಳಿದ್ದಾಗ ಕುಣಿಗಲ್ಲಿನ ಟೆಂಟಿಗೆ ಅವನ ಸಿನಿಮಾ ಬಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಅಮ್ಮನನ್ನು ಮುಂದಿಟ್ಟುಕೊಂಡು ಹೊರಡುತ್ತಿದ್ದರು. ಅವರ್ಯಾರಿಗೂ ಹಿಂದಿ ಬಾರದು. ಅಮ್ಮ ಹೈಸ್ಕೂಲು ಮೆಟ್ಟಿಲು ಹತ್ತಿದವಳು, ಅವಳಿಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಹೆಂಗಸರ ಕಡೆಯ ಮರಳಿನ ಮೇಲೆ, ನಟ್ಟನಡುವೆ ಕೂತು, ಅವನು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಳು. "ತಾಯಿ ಮೇಲೆ ಆಣೆ ಇಡ್ತಾವ್ನೆ ಕಣ್ರೇ, ಇನ್ ಬುಡಲ್ಲ ಅವನ್ನ" ಎಂದರೆ ಸಾಕು, ಸುತ್ತಲಿನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದೆ ನಾನು ಕಾಲೇಜಿನಲ್ಲಿ ಹಿಂದಿ ಓದಿ, ಅದೇ ಸಿನಿಮಾಗಳನ್ನು ಟಿ.ವಿ.ಯಲ್ಲಿ ನೋಡಿದೆ. ಆಣೆಯೂ ಇರಲಿಲ್ಲ, ತಾಯಿಯ ಸುದ್ದಿಯೂ ಇರಲಿಲ್ಲ. ಅರ್ಧಕ್ಕರ್ಧ ಅಮ್ಮ ಕಟ್ಟಿದ್ದು! ನಿಜ ಹೇಳಬೇಕೆಂದರೆ ಅಮ್ಮನ ಕಥೆಯೇ ಚೆನ್ನಾಗಿತ್ತು. ಗೊತ್ತಾಯಿತೆಂದು ನಾನು ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನದ ಆಟ. ಎ.ಸಿ. ಹಾಲಿನಲ್ಲಿ ಬೆರಳೆಣಿಕೆಯ ಜನ. ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಸಿಟ್ಟು ಬಂತು. ಹೀರೋಗೆ ಕತ್ತಲಲ್ಲೂ ಕಪ್ಪು ಕನ್ನಡಕ, ಸುಣ್ಣ ಬಳಿದ ಹಾಗೆ ಮುಖಕ್ಕೆ ಮೇಕಪ್ಪು. ಹೊಡೆದಾಟ ಬಂದರೆ ಬರೀ ಬೆನ್ನು ತೋರಿಸುತ್ತಾರೆ, ಆ ಬೆನ್ನು ಅವನದಲ್ಲ ಎಂದು ಕೂಸಿಗೂ ತಿಳಿಯುತ್ತದೆ. ಕೊಲೆಗಾರ ಯಾರೆಂದು ನಮಗೆಲ್ಲ ಆಗಲೇ ಗೊತ್ತು, ಇವನು ಮಾತ್ರ ಇಲಿ ಹಿಡಿಯಲು ಬೆಟ್ಟ ಅಗೆಯುತ್ತಲೇ ಇದ್ದ. ಈ ವಯಸ್ಸಿನಲ್ಲಿ ಇವನಿಗೆ ಈ ಗ್ರಹಚಾರ ಯಾಕೆ ಬೇಕಿತ್ತೋ! ಪಕ್ಕದಲ್ಲಿ ಅಮ್ಮ ಚಳಿಗೆ ಮುದುಡಿ ಕೂತಿದ್ದಳು. ಹಾಳು ಸಿನಿಮಾಕ್ಕೆ ಕರೆತಂದೆನಲ್ಲ ಎಂದು ಸಂಕಟವಾಯಿತು.

ಆದರೂ ಆಸೆ ಬಿಡಲಿಲ್ಲ. ಎಂತೆಂಥ ಸಿನಿಮಾಗಳನ್ನು ರಿಪೇರಿ ಮಾಡಿದವಳು ಅವಳು. ಹೀರೋ ಒಂದು ಹೆಣದ ಮುಂದೆ ನಿಂತು ಉದ್ದಕ್ಕೆ ಮಾತಾಡತೊಡಗಿದಾಗ ಅವಳ ಕಿವಿಯ ಹತ್ತಿರ ಬಾಗಿದೆ. "ಏನಂತಮ್ಮ ಅವ್ನು ಹೇಳ್ತಿರೋದು?"

ಅಮ್ಮ ಪರದೆಯನ್ನೇ ನೋಡಿದಳು. ತುಟಿ ಅಲುಗಿತು.

"ನಂಗೆಲ್ಲಿ ಹಿಂದಿ ಬತ್ತೈತೆ ಕಣೇ" ಎಂದಳು. "ನೀನ್ ಓದಿದ್ಯಲ್ಲ, ನೀನೇ ಹೇಳು."

ಎಷ್ಟೋ ದಿನದ ಮೇಲೆ ಅವಳು ಅಷ್ಟುದ್ದ ಮಾತಾಡಿದ್ದಳು. ಅದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅವನಾಡಿದ ಒಂದೊಂದು ಮಾತೂ ನನಗೆ ಅರ್ಥವಾಗಿತ್ತು. ಯಾವುದೋ ಫೋನ್ ಕರೆ, ಕ್ಯಾಮೆರಾ, ಬೆರಳ ಗುರುತು, ಅಷ್ಟೇ. ಅವಳ ಹಾಗೆ ಏನಾದರೂ ಕಟ್ಟೋಣವೆಂದು ತಡಕಾಡಿದೆ. ಒಂದು ವಾಕ್ಯವೂ ಹೊಳೆಯಲಿಲ್ಲ. ಅಮ್ಮ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ಏನೋ ಕೇಸಿನ ವಿಷ್ಯ ಕಣಮ್ಮ" ಎಂದೆ.

ಅವಳು ಸೆರಗನ್ನು ತಲೆಗೆ ಹೊದ್ದುಕೊಂಡಳು. "ಹೋಗ್ಲಿ ಬುಡು" ಎಂದಳು.