ಮ್ಯಾನಿಟೋಬಾ ಅಂಕಲ್

ಶನಿವಾರ ಬೆಳಿಗ್ಗೆ ಅಮೆರಿಕದ ಕ್ಯಾರಿ ಊರಿನ ದೇವಸ್ಥಾನದಲ್ಲಿ ಪುಳಿಯೋಗರೆ ಪ್ಲೇಟು ಹಿಡಿದ ನಾಗಭೂಷಣ, ನಕ್ಷತ್ರ ಕೇಳುವಷ್ಟೇ ಸಹಜವಾಗಿ ಹೊಸ ಹುಡುಗರಿಗೆ ಗ್ರೀನ್ ಕಾರ್ಡ್ ಅರ್ಜಿಯ ತಾರೀಖು ಕೇಳುತ್ತಾರೆ. ಆಮೇಲೆ ವಯಸ್ಸು, ಓದಿಗೆ ಪಾಯಿಂಟ್ಸ್ ಕೊಟ್ಟು ವಲಸಿಗರನ್ನು ಆರಿಸುವ ಕೆನಡಾದ ದಾರಿ ತೋರಿಸುತ್ತಾರೆ. ಯಾವ ಪ್ರಾಂತ್ಯ ಎಂಜಿನಿಯರರನ್ನು ಕರೆಯುತ್ತದೆ, ಯಾವುದು ತನ್ನಲ್ಲಿ ಓದಿದವರನ್ನು ಕಾಯಂ ವಾಸಕ್ಕೆ ಶಿಫಾರಸು ಮಾಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. “ಮ್ಯಾನಿಟೋಬಾಗೆ ಅಪ್ಲೈ ಮಾಡಪ್ಪಾ, ವಯಸ್ಸಾಗ್ತಾ ಪಾಯಿಂಟ್ಸ್ ಕರಗುತ್ತೆ.” “ನೀವ್ಯಾಕೆ ಹೋಗ್ಲಿಲ್ಲ ಅಂಕಲ್?” ಎಂದು ಕೆಣಕಿದರೆ, “ಡಾಕ್ಟ್ರು ಎಲ್ಲಾ ಮಾತ್ರೆ ತಾವೇ ನುಂಗ್ತಾರೇನೋ?” ಎಂದು ನಗುತ್ತಾರೆ. ಐವತ್ತೆರಡರ ಅವರು ಹನ್ನೆರಡು ವರ್ಷದಿಂದ ಅಮೆರಿಕದ ಗ್ರೀನ್ ಕಾರ್ಡ್ ಸರದಿಯಲ್ಲೇ ಇದ್ದಾರೆ. ಇದನ್ನೆಲ್ಲ ಅವರು ಕಲಿತದ್ದು ಮಗಳು ಹರಿಣಿಗಾಗಿ. ಮೂರು ವರ್ಷದವಳಾಗಿ ಇಲ್ಲಿಗೆ ಬಂದ ಅವಳಿಗೆ ಮಾರ್ಚ್‌ನಲ್ಲಿ ಇಪ್ಪತ್ತೊಂದು ತುಂಬಿತು. ಆ ವಯಸ್ಸು ತುಂಬಿದ ಮಕ್ಕಳಿಗೆ ಹೆತ್ತವರ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಜಾಗವಿಲ್ಲ; ಅಪ್ಪನ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಯಿತು. ಆಗಸ್ಟ್‌ನಲ್ಲಿ ಅವಳು ಓದಲು ಮ್ಯಾನಿಟೋಬಾದ ವಿನಿಪೆಗ್‌ಗೆ ಹೋಗುತ್ತಾಳೆ. ಅಪ್ಪ, ಅಮ್ಮ ಕ್ಯಾರಿಯಲ್ಲೇ ಉಳಿಯುತ್ತಾರೆ.