ಗಂಗವ್ವನ ಹಿಟ್ಟು, ಗಿರಣಿಯ ಹಿಟ್ಟು

ಪುಣೆಯ ವಠಾರದಂಥ ವಾಡೆಗಳಲ್ಲಿ ಇನ್ನೂ ಬೀಸುಕಲ್ಲಿನ ಸದ್ದಿಗೇ ಬೆಳಗಾಗುತ್ತಿದ್ದ ಕಾಲ ಅದು. ಗುಮಾಸ್ತಿಕೆಗೆಂದು ಧಾರವಾಡ ಬಿಟ್ಟು ಬಂದಿದ್ದ ಅಪ್ಪ, ಅವ್ವ, ನಾನು ಒಂದು ವಾಡೆಯ ಎರಡು ಕೋಣೆಗಳಲ್ಲಿದ್ದೆವು. ನಮ್ಮದೂ ಸೇರಿ ನಾಲ್ಕು ಮನೆಗಳ ಜೋಳ ಬೀಸುತ್ತಿದ್ದವಳು ಗಂಗವ್ವ. ಅವಳೂ ನಮ್ಮ ಸೀಮೆಯವಳೇ. ಆ ಬೀಸುವಿಕೆಯಿಂದಲೇ ಅವಳ ಹೊಟ್ಟೆ ತುಂಬಬೇಕಿತ್ತು.

ಆ ಚಳಿಗಾಲದಲ್ಲಿ ನಮ್ಮ ಓಣಿಗೆ ಕರೆಂಟಿನ ಗಿರಣಿ ಬಂತು. ಒಂದೇ ತಿಂಗಳಲ್ಲಿ ಮೂರು ಮನೆಯವರು ಗಂಗವ್ವನನ್ನು ಬಿಡಿಸಿದರು. ನಮ್ಮವ್ವನಿಗೆ ಮಾತ್ರ ಗಿರಣಿಯೆಂದರೆ ಗುಮಾನಿ. ಪರೀಕ್ಷೆಗೆಂದು ಮೊದಲ ಸಲ ನನ್ನ ಕೈಗೆ ಡಬ್ಬಿ ಕೊಟ್ಟಾಗ, "ಯಾರ ಹಿಟ್ಟು ಯಾರ ಡಬ್ಬ್ಯಾಗ ಬೀಳ್ತದೋ ಏನೋ. ಕಣ್ಣ ತೆಗೀಬ್ಯಾಡ, ನೋಡ್ಕೋತ ನಿಲ್ಲು" ಎಂದಳು.

ನಾನೆಲ್ಲಿ ನೋಡಿದೆ! ಗಿರಣಿಯ ಮೆಟ್ಟಿಲ ಮೇಲೆ ಓಣಿಯ ಹುಡುಗಿಯರೆಲ್ಲ ಗಜ್ಜುಗ ಆಡುತ್ತಿದ್ದರು. ಒಬ್ಬರ ಮೂಗಿಗೊಬ್ಬರು ಹಿಟ್ಟು ಬಳಿಯುತ್ತಿದ್ದೆವು. ಒಳಗಿನಿಂದ ಯಂತ್ರದ ಪಟ್ಟಾ ಕಾದ ವಾಸನೆ ಬರುತ್ತಿತ್ತು. ಬಿಸಿ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಬರುವುದೇ ಒಂದು ಸುಖ. ಹೀಗೇ ನಾಲ್ಕಾರು ಸಲ ಹೋಗಿಬಂದೆ. ಗಂಗವ್ವ ಬೀಸಿ ಕೊಡುವತನಕ ಕಾಯುವುದು ತಪ್ಪಿತೆಂದು ಅವ್ವನ ಗುಮಾನಿಯೂ ಸದ್ದಿಲ್ಲದೆ ಕರಗತೊಡಗಿತ್ತು.

"ಸುಟ್ಟ ಹಿಟ್ಟರೀ ಬಾಯಾರ ಅದು, ಜೋಳದ ಜೀವಾನೇ ಹೋಗಿರ್ತದ" ಎಂದು ಒಂದು ದಿನ ಗಂಗವ್ವ ಅವ್ವನಿಗೆ ಅಂದಳು. ಅಪ್ಪ ನಕ್ಕರು. "ಎರಡೂ ಹಿಟ್ಟಿಂದು ರೊಟ್ಟಿ ಬಡಿ. ಯಾವುದು ತನ್ನ ಹಿಟ್ಟಿಂದು ಅಂತ ಗಂಗವ್ವನೇ ಹೇಳ್ಲಿ."

ಅವ್ವ ಗಂಗವ್ವನ ಹಿಟ್ಟಿನ ರೊಟ್ಟಿಯನ್ನು ಹಿತ್ತಾಳೆ ತಟ್ಟೆಗೆ ಹಾಕಿದಳು, ಗಿರಣಿಯದನ್ನು ಮುತ್ತುಗದ ಎಲೆಗೆ. ಗಂಗವ್ವ ಹೊರಗೆ ಕೂತಿದ್ದಳು, ನಾನು ಮಾತ್ರ ಒಲೆಯ ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಗಂಗವ್ವ ಎರಡನ್ನೂ ಮುರಿದು ತಿಂದಳು. ತಟ್ಟೆಯ ಕಡೆ ಕೈ ತೋರಿಸಿ, "ಇದು ನಂದು" ಎಂದಳು.

"ಅಲ್ಲ ಗಂಗವ್ವ, ಅದು ಗಿರಣೀದು" ಎಂದಳು ಅವ್ವ.

ನಾಳೆಯಿಂದ ಬರಬೇಡ ಎಂದು ಮುಖ ನೋಡಿ ಹೇಳಲಾರದೆ ಅವ್ವ ಹಾಗೆ ಸುಳ್ಳು ಹೇಳಿದಳೆಂದು ದೊಡ್ಡವಳಾದ ಮೇಲೆ ತಿಳಿಯಿತು. ಗಂಗವ್ವ ನನ್ನ ಕಡೆ ತಿರುಗಿದಳು. "ನೀ ಹೇಳ ತಂಗಿ, ಇದು ಯಾವುದು?"

ಗಜ್ಜುಗ, ಮೆಟ್ಟಿಲು, ಬಿಸಿ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು. "ಗಿರಣೀದು" ಎಂದೆ.

"ಹೌದೇನು? ನಾಲಿಗೀನೇ ಕೆಟ್ಟದ ಹಂಗಾರ" ಎಂದು ಗಂಗವ್ವ ಕೈ ತೊಳೆದುಕೊಂಡು ಹೋದಳು. ನಮ್ಮ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಬೀಸುಕಲ್ಲು ಹೋಯಿತು, ರೊಟ್ಟಿಯ ರುಚಿ ಹೋಯಿತು ಎಂದು ನನ್ನ ವಾರಿಗೆಯವರು ಈಗ ಹಲುಬುತ್ತಾರೆ. ನನಗೆ ಗಿರಣಿಯ ಮೇಲೆ ಸಿಟ್ಟಿಲ್ಲ. ಆದರೆ ಹೊಸ ಯಂತ್ರವೊಂದು ಬಂದು, ಇದರ ಕೆಲಸ ಕೈಗಿಂತ ಚೆನ್ನ ಎಂದು ಯಾರಾದರೂ ಹೇಳಿದರೆ, ಹೇಳಿದವರ ಮುಖವನ್ನೇ ನೋಡುತ್ತೇನೆ, ನಂಬಲಾರೆ.

ಕೆಲವು ವರ್ಷಗಳ ನಂತರ ಪೇಟೆಯಲ್ಲಿ ಗಂಗವ್ವ ಸಿಕ್ಕಿದ್ದಳು. ಕಾಳಿನಂಗಡಿಯ ಮುಂದೆ ಒಂದು ಹಿಡಿ ಜೋಳ ತೆಗೆದು ನನ್ನ ಮುಂದೆ ಹಿಡಿದಳು.

"ಹೊಸಾವು ಅದಾವೇನು, ಹಳೇವು ಅದಾವೇನು? ನೀನೇ ನೋಡಿ ಹೇಳ ತಂಗಿ. ನಂಗ ತಿಳಿಯೂದಿಲ್ಲ."